ಮಕ್ಕಳಿಗೆ ಕಾಯಕದ ದೀಕ್ಷೆ ನೀಡಿದ ಗುರು
ಭಾಲ್ಕಿಯ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರ ಪುಣ್ಯಚರಿತೆ

ಶರಣಧರ್ಮದ ತಿರುಳನ್ನು ಅಲ್ಪಸ್ವಲ್ಪ ಬಲ್ಲವರಿಗೂ ಕಾಯಕ, ದಾಸೋಹಗಳೆಂಬ ಎರಡು ತತ್ತ್ವಗಳು ಪರಿಚಿತವಾದುವೇ ಆಗಿವೆ. ಒಕ್ಕಲುತನ ಮಾಡುವವನು, ನೇಯುವವನು, ವ್ಯಾಪಾರ ಮಾಡುವವನು ತಂತಮ್ಮ ಉದ್ಯೋಗವನ್ನು ಶಿವಪೂಜೆಯೆಂದು ಭಾವಿಸಿ ಮಾಡಬೇಕೆಂಬುದನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆದರೆ ಆರನೆಯ, ಏಳನೆಯ, ಎಂಟನೆಯ ತರಗತಿಗಳಲ್ಲಿ ಓದುವ ನಮ್ಮ ಮನೆಯ ಹುಡುಗ ಹುಡುಗಿಯರಿಗೂ ಒಂದು ಕಾಯಕವುಂಟೆಂಬುದನ್ನು ನಾವು ಎಣಿಸುವುದು ಅಪರೂಪ. ಓದು ಅವರ ಹಣೆಯಲ್ಲಿ ಬರೆದಿದ್ದರೆ ಬಂದೀತು, ಇಲ್ಲದಿದ್ದರೆ ಇಲ್ಲವೆಂದು ಹೇಳಿ ಸುಮ್ಮನಾಗುವ ತಂದೆತಾಯಿಗಳು ಇಂದಿಗೂ ಕಡಿಮೆಯಿಲ್ಲ. ವಿದ್ಯೆಯು ಹಣೆಬರಹವಲ್ಲ, ಕಾಯಕವೆಂದು ತಮ್ಮ ದೀರ್ಘವಾದ ಆಯುಷ್ಯದುದ್ದಕ್ಕೂ ಆಚರಿಸಿ ತೋರಿಸಿದ ಮಹನೀಯರೊಬ್ಬರು ನಮ್ಮ ಬೀದರ ನಾಡಿನಲ್ಲಿಯೇ ಆಗಿಹೋಗಿದ್ದಾರೆ. ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರೇ ಆ ಮಹನೀಯರು. ಅವರ ಚರಿತೆಯನ್ನು ಮಕ್ಕಳ ವಿದ್ಯಾಭ್ಯಾಸದ ದೃಷ್ಟಿಯಿಂದ ಸ್ವಲ್ಪದರಲ್ಲಿ ಸ್ಮರಿಸುವುದೇ ಈ ಲೇಖನದ ಉದ್ದೇಶ.

ಪೂಜ್ಯರು ಜನಿಸಿದ್ದು 1890ನೆಯ ಇಸವಿಯ ಡಿಸೆಂಬರ್ 22ರಂದು, ಕಮಲನಗರದಲ್ಲಿ. ಈ ಊರು ಬಹುಕಾಲ ಔರಾದ ತಾಲೂಕಿಗೆ ಸೇರಿದ್ದು, ಈಚೆಗೆ ತಾನೇ ತಾಲೂಕು ಕೇಂದ್ರವಾಗಿದೆ. ಬೀದರದಿಂದ ಹೊರಟು ಭಾಲ್ಕಿಯನ್ನು ದಾಟಿ ಉದಗೀರಿನ ಕಡೆಗೆ ಸಾಗುವ ರೈಲು ಹಾದಿಯ ಮೇಲೆ, ಕನ್ನಡ ನಾಡಿನ ಉತ್ತರದ ಅಂಚಿನಲ್ಲಿ ಅದು ನೆಲೆಸಿದೆ. ಜೋಳ, ತೊಗರಿ, ಉದ್ದು, ಕಡಲೆಗಳನ್ನು ಬೆಳೆಯುವ ಸೀಮೆ. ಮಳೆ ಕೈಕೊಟ್ಟ ವರ್ಷ ಬಡವನ ಒಲೆ ಉರಿಯುವುದು ಕಷ್ಟ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಹೀಗೆ ಮೂರು ನುಡಿಗಳ ನಡುವೆ ಬಾಳುವುದು ಈ ಗಡಿನಾಡಿನ ಜನರಿಗೆ ಹುಟ್ಟಿನಿಂದ ಬಂದ ಅಭ್ಯಾಸವಾಗಿದ್ದಿತು. ಆ ಕಾಲಕ್ಕೆ ಈ ಪ್ರಾಂತವೆಲ್ಲವೂ ಹೈದರಾಬಾದಿನ ನಿಜಾಮರ ಆಳಿಕೆಗೆ ಒಳಪಟ್ಟಿದ್ದಿತು. ಹಳ್ಳಿಯ ಸಾಮಾನ್ಯ ಮಗುವಿಗೆ ಅಕ್ಷರವೆಂಬುದು ದೂರದ ಮಾತಾಗಿದ್ದಿತು. ಅದರಲ್ಲಿಯೂ ತಾಯ್ನುಡಿಯ ಅಕ್ಷರ ಮತ್ತಷ್ಟು ದೂರ.

ಇಂತಹ ಊರಿನಿಂದ ಹೊರಟ ಬಾಲಕನಿಗೆ ಮುಂದೆ ದೊರೆತ ಭಾಗ್ಯವೆಂದರೆ ಶಿವಯೋಗಮಂದಿರದ ಗುರುಕುಲವಾಸ. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರು 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭಾ ನದಿಯ ದಡದಲ್ಲಿ ಸ್ಥಾಪಿಸಿದ ಆ ಪುಣ್ಯಕ್ಷೇತ್ರವು ನಾಡಿನ ಮಠಗಳಿಗೆ ಯೋಗ್ಯರಾದ ಸ್ವಾಮಿಗಳನ್ನು ಸಿದ್ಧಗೊಳಿಸುವ ಉದ್ದೇಶದಿಂದ ಹುಟ್ಟಿದುದು. ಅಲ್ಲಿ ಸಂಸ್ಕೃತ, ಕನ್ನಡ, ಯೋಗ, ಸಂಗೀತಗಳ ಅಭ್ಯಾಸವಿದ್ದಂತೆಯೇ ಗೋಶಾಲೆಯ ಸೇವೆಯೂ ಇದ್ದಿತು, ವಿಭೂತಿಯನ್ನು ಸಿದ್ಧಪಡಿಸುವ ಕೆಲಸವೂ ಇದ್ದಿತು. ವಾಚಕರು ಈ ಅಂಶವನ್ನು ಗಮನಿಸಬೇಕು. ಓದುವ ಕೈಯೂ ದುಡಿಯುವ ಕೈಯೂ ಬೇರೆ ಬೇರೆಯೆಂಬ ಭಾವನೆಗೆ ಅಲ್ಲಿ ಎಡೆಯಿರಲಿಲ್ಲ. ಸಗಣಿಯನ್ನು ಮುಟ್ಟಿದ ಕೈಯೇ ವಿಭೂತಿಯನ್ನು ಧರಿಸುತ್ತಿದ್ದಿತು, ಗ್ರಂಥವನ್ನೂ ಹಿಡಿಯುತ್ತಿದ್ದಿತು. ಕುಮಾರ ಶಿವಯೋಗಿಗಳವರ ಕಣ್ಣಳತೆಯಲ್ಲಿ ಬೆಳೆದ ಚನ್ನಬಸವ ದೇವರಿಗೆ ಸಮಾಜಸೇವೆಯೇ ಶಿವಸೇವೆಯೆಂಬ ದೀಕ್ಷೆ ದೊರೆತುದು ಅಲ್ಲಿಯೇ.

1924ರಲ್ಲಿ ಅವರು ಭಾಲ್ಕಿ ಹಿರೇಮಠದ ಪಟ್ಟವನ್ನು ಏರಿದರು. ಮಠದ ಪಟ್ಟವೆಂದರೆ ಅಡ್ಡಪಲ್ಲಕ್ಕಿ, ಪಾದಪೂಜೆ, ಕಾಣಿಕೆಗಳೆಂದು ಜನರು ತಿಳಿದಿದ್ದ ಕಾಲವದು. ಪೂಜ್ಯರಿಗೆ ಅದು ರುಚಿಸಲಿಲ್ಲ. ಮುಂದೆ ಅವರು ತಾವು ಪಲ್ಲಕ್ಕಿಯಲ್ಲಿ ಕುಳಿತು ಮೆರೆಯುವುದನ್ನು ಬಿಟ್ಟು, ಅದರಲ್ಲಿ ಶರಣರ ವಚನ ಗ್ರಂಥಗಳನ್ನಿರಿಸಿ ಮೆರೆಯಿಸುವ ಪದ್ಧತಿಯನ್ನು ಬೆಳೆಯಿಸಿದರು. ಹೊರುವವರ ಹೆಗಲ ಮೇಲೆ ಕುಳಿತುಕೊಳ್ಳಬೇಕಾದುದು ವ್ಯಕ್ತಿಯಲ್ಲ, ಜ್ಞಾನವೆಂಬುದು ಅವರ ನಡೆಯೇ ಕಲಿಸಿದ ಪಾಠ. ಜ್ಞಾನಕ್ಕೆ ಇಷ್ಟು ಗೌರವ ಕೊಟ್ಟವರು, ಆ ಜ್ಞಾನವನ್ನು ಓದಿ ತಿಳಿಯಬೇಕಾದ ಮಕ್ಕಳು ನಿರಕ್ಷರರಾಗಿ ಉಳಿಯುವುದನ್ನು ನೋಡಿ ಸುಮ್ಮನಿರುವುದು ಹೇಗೆ ಸಾಧ್ಯ?

ಅಂದಿನ ಪರಿಸ್ಥಿತಿಯನ್ನು ಇಂದಿನ ಪಾಲಕರು ಊಹಿಸಿಕೊಳ್ಳುವುದು ಕಷ್ಟ. ರಾಜ್ಯದ ಆಡಳಿತಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಉರ್ದು ಒಂದು ಸಂಪನ್ನವಾದ ಭಾಷೆ, ಅದರ ಮೇಲೆ ನಮಗೆ ಯಾವ ದ್ವೇಷವೂ ಇರಬೇಕಾಗಿಲ್ಲ. ಆದರೆ ಮನೆಯಲ್ಲಿ ಕನ್ನಡವಾಡುವ ಮಗುವು ತನ್ನ ತಾಯಿಯ ಮಾತಿನಲ್ಲಿ ಒಂದಕ್ಷರವನ್ನೂ ಕಲಿಯದೆ, ನೇರವಾಗಿ ಪರಿಚಯವಿಲ್ಲದ ನುಡಿಯಲ್ಲಿ ಲೆಕ್ಕವನ್ನೂ ಇತಿಹಾಸವನ್ನೂ ಕಲಿಯಬೇಕಾಗಿ ಬಂದರೆ ಅದರ ಗತಿಯೇನು? ಎಷ್ಟು ಶ್ರಮಪಟ್ಟರೂ ಅರ್ಥವಾಗದ ಪಾಠವು ಮಗುವಿನ ಶ್ರದ್ಧೆಯನ್ನೇ ಕೊಲ್ಲುತ್ತದೆ. ತಾನು ದಡ್ಡನೆಂದು ಅದು ನಂಬತೊಡಗುತ್ತದೆ. ಶಾಲೆ ಬಿಟ್ಟು ದನ ಕಾಯಲು ಹೋಗುತ್ತದೆ.

ಪೂಜ್ಯರು ಇದಕ್ಕೆ ಕಂಡುಕೊಂಡ ಉಪಾಯವು ಬೀದರ ಸೀಮೆಯ ಮನೆಮನೆಯಲ್ಲಿಯೂ ಇಂದಿಗೂ ಕಥೆಯಂತೆ ಹೇಳಲ್ಪಡುತ್ತದೆ. ಶಾಲೆಯ ಹೊರಗೆ ಉರ್ದು ಹಲಗೆಯನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರು. ಸರಕಾರದ ಕಣ್ಣಿಗೆ ಅದು ಉರ್ದು ಶಾಲೆ. ಒಳಹೊಕ್ಕ ಮಗುವಿಗೆ ತಾಯಿಯ ಮಡಿಲು. ಹುಟ್ಟೂರಾದ ಕಮಲನಗರದಲ್ಲಿ ಅವರಿಂದ ಬೆಳೆದುಬಂದ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯೂ ಭಾಲ್ಕಿಯ ಮಠದ ಶಾಲೆ ಪ್ರಸಾದನಿಲಯಗಳೂ ಈ ಗಡಿನಾಡಿನಲ್ಲಿ ಕನ್ನಡದ ದೀಪವನ್ನು ಆರದಂತೆ ಕಾಪಾಡಿದುವು. ಹಿರೇಮಠಕ್ಕೆ ಕನ್ನಡ ಮಠವೆಂಬ ಹೆಸರು ಜನರ ಬಾಯಲ್ಲಿ ತಾನಾಗಿಯೇ ನಿಂತಿತು.

ಈ ಕಥೆಯನ್ನು ಕೇಳಿ ಪೂಜ್ಯರ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಅದು ಯುಕ್ತವೇ. ಆದರೆ ಆ ಶಾಲೆಯ ಮಕ್ಕಳ ಶ್ರಮವನ್ನು ಯಾರೂ ನೆನೆಯುವುದಿಲ್ಲ. ಹೊರಗಿನ ವ್ಯವಹಾರಕ್ಕೆ ಉರ್ದು ಬೇಕೇಬೇಕಾಗಿದ್ದ ಕಾಲದಲ್ಲಿ ಕನ್ನಡದ ಓದು ಮೇಲಿನ ಹೊರೆ. ಅದರಿಂದ ನೌಕರಿ ಸಿಕ್ಕೀತೆಂಬ ಆಸೆಯಿಲ್ಲ, ಸರಕಾರದ ಮನ್ನಣೆಯಿಲ್ಲ. ಆದರೂ ಮಕ್ಕಳು ಕುಳಿತು ಕಲಿತರು. ಏಕೆ? ಕಲಿಸುವ ಗುರುವೇ ತಮಗಿಂತ ಹೆಚ್ಚು ದುಡಿಯುವುದನ್ನು ಅವರು ಕಣ್ಣಾರೆ ಕಾಣುತ್ತಿದ್ದರು. ಮಕ್ಕಳಲ್ಲಿ ದುಡಿಮೆಯ ಅಭ್ಯಾಸವನ್ನು ಬೆಳೆಯಿಸುವುದಕ್ಕೆ ಇದಕ್ಕಿಂತ ದೊಡ್ಡ ಉಪದೇಶವಿಲ್ಲ.

ಪೂಜ್ಯರ ದುಡಿಮೆಯು ಎಂತಹುದೆಂದರೆ, ಮಠದ ಪ್ರಸಾದನಿಲಯದಲ್ಲಿ ಇದ್ದು ಓದುವ ಮಕ್ಕಳಿಗಾಗಿ ಪಟ್ಟದ ಸ್ವಾಮಿಗಳೇ ಜೋಳಿಗೆಯನ್ನು ಹಿಡಿದು ಊರೂರು ತಿರುಗಿದರು. ಭಕ್ತರು ನೀಡಿದ ಜೋಳ, ಬೇಳೆ, ಕಾಸುಗಳು ಮಕ್ಕಳ ತಟ್ಟೆಯ ಪ್ರಸಾದವಾದುವು. ಆ ಪಂಕ್ತಿಯಲ್ಲಿ ಜಾತಿಯನ್ನು ಕೇಳುವವರಿರಲಿಲ್ಲ. ಅಸ್ಪೃಶ್ಯರೆಂದು ಊರು ದೂರವಿರಿಸಿದ್ದ ಮನೆಗಳ ಮಕ್ಕಳನ್ನೂ ಮಠದೊಳಗೆ ಕರೆದು ಉಣಿಸಿ ಓದಿಸಿದುದಕ್ಕಾಗಿ ಪೂಜ್ಯರು ತಮ್ಮವರಿಂದಲೇ ವಿರೋಧವನ್ನು ಎದುರಿಸಬೇಕಾಯಿತು. ಅವರು ಹಿಂದೆಗೆಯಲಿಲ್ಲ. ಬಸವಾದಿ ಪ್ರಮಥರು ಕಲ್ಯಾಣದಲ್ಲಿ ನಡೆಯಿಸಿದುದನ್ನೇ ತಾವು ಭಾಲ್ಕಿಯಲ್ಲಿ ನಡೆಯಿಸುತ್ತಿರುವುದಾಗಿ ಅವರಿಗೆ ದೃಢವಾದ ನಂಬಿಕೆಯಿದ್ದಿತು.

ಇಲ್ಲಿ ಈ ಲೇಖಕನು ತನ್ನದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕು. ಪಾಠ ಹೇಳಲು ಹತ್ತಿದ ಹೊಸತರಲ್ಲಿ, ಏಳನೆಯ ತರಗತಿಯ ಒಬ್ಬ ಹುಡುಗನು ಬೆಳಗಿನ ಪಾಠದ ಹೊತ್ತಿಗೆ ದಿನವೂ ತೂಕಡಿಸುತ್ತಿದ್ದನು. ಸೋಮಾರಿಯೆಂದು ಅವನನ್ನು ಎಲ್ಲರೆದುರಿಗೆ ಜರೆದು, ಕಾಯಕದ ಮಹಿಮೆಯನ್ನು ಕುರಿತು ಉದ್ದವಾದ ಉಪದೇಶವನ್ನೂ ಮಾಡಿದೆನು. ಕೆಲವು ದಿನಗಳ ಮೇಲೆ ತಿಳಿದುಬಂದುದೇನೆಂದರೆ, ಅವನು ನಸುಕಿನಲ್ಲಿಯೇ ಎದ್ದು ಹೊಲದಲ್ಲಿ ತಂದೆಗೆ ನೆರವಾಗಿ, ಬರಿಯ ಹೊಟ್ಟೆಯಲ್ಲಿ ಶಾಲೆಗೆ ನಡೆದುಬರುತ್ತಿದ್ದನು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದವನಿಗೇ ನಾನು ದುಡಿಮೆಯ ಪಾಠ ಹೇಳಿದ್ದೆನು! ಅಂದಿನಿಂದ ಪೂಜ್ಯರ ಜೋಳಿಗೆಯ ಅರ್ಥವು ನನಗೆ ಬೇರೆಯಾಗಿಯೇ ಕಾಣತೊಡಗಿತು. ಅವರು ಮಕ್ಕಳಿಂದ ಶ್ರಮವನ್ನು ಬೇಡುವುದಕ್ಕೆ ಮೊದಲು ಅವರ ಹೊಟ್ಟೆಗೆ ರೊಟ್ಟಿಯನ್ನು ಕೊಟ್ಟರು. ಮೊದಲು ದಾಸೋಹ, ಆಮೇಲೆ ಕಾಯಕ. ಹಸಿದ ಮಗುವಿಗೆ ಯತ್ನದ ಮಹಿಮೆಯನ್ನು ಹೇಳುವುದು ಧರ್ಮವಲ್ಲ. ಮನೆಗೆಲಸವನ್ನೆಲ್ಲ ಮಗುವಿನ ತಲೆಯ ಮೇಲೆ ಹೊರಿಸಿ ಅದನ್ನೇ ಕಾಯಕವೆಂದು ಕರೆಯುವುದೂ ಧರ್ಮವಲ್ಲ. ವಿದ್ಯಾರ್ಥಿಯ ಕಾಯಕವು ವಿದ್ಯೆ. ಮನೆಯ ಕೆಲಸದಲ್ಲಿ ಅದಕ್ಕೊಂದು ಸಣ್ಣ ಪಾಲಿರಲಿ, ಆದರೆ ಆ ಪಾಲು ವಿದ್ಯೆಯನ್ನು ನುಂಗಬಾರದು.

ಶರಣರ ಚರಿತ್ರೆಯಲ್ಲಿ ಈ ವಿಚಾರಕ್ಕೆ ಸಂಬಂಧಿಸಿದ ಎರಡು ದೃಷ್ಟಾಂತಗಳನ್ನು ಪಾಲಕರು ಮಕ್ಕಳಿಗೆ ಹೇಳಬಹುದು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದರು. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವರ ಪುಣ್ಯಸ್ತ್ರೀಯಾದ ಲಕ್ಕಮ್ಮನವರು ಅದನ್ನು ಒಪ್ಪದೆ, ಮಿಕ್ಕುದನ್ನು ಇದ್ದಲ್ಲಿಗೇ ಸುರಿದುಬರುವಂತೆ ಕಳುಹಿಸಿದರು. ಇದನ್ನು ದುರಾಸೆಯ ಖಂಡನೆಯೆಂದು ಹೇಳುವುದು ವಾಡಿಕೆ. ಓದುವ ಮಕ್ಕಳಿಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ದಿನದ ಅಳತೆಯನ್ನು ದಿನವೂ ತಪ್ಪದೆ ಆಯುವವನಿಗೆ ಒಂದೇ ದಿನ ಮೂಟೆ ಕಟ್ಟುವ ಅವಶ್ಯಕತೆ ಬೀಳುವುದಿಲ್ಲ. ವರ್ಷವೆಲ್ಲ ಆಡಿ ಕಳೆದು, ಪರೀಕ್ಷೆಯ ಮುಂದೆ ಮೂರು ರಾತ್ರಿ ನಿದ್ದೆಗೆಟ್ಟು ಓದುವುದು ಆ ಮಿಕ್ಕ ಅಕ್ಕಿಯಂತೆ, ಅದು ಅರಗುವುದಿಲ್ಲ.

ಎರಡನೆಯದು ನುಲಿಯ ಚಂದಯ್ಯನವರದು. ಹುಲ್ಲನ್ನು ಕೊಯ್ದು ಹಗ್ಗ ಹೊಸೆಯುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಹಿಡಿದ ಕೆಲಸವನ್ನು ನಡುವೆ ಬಿಡಲಿಲ್ಲವೆಂದೂ, ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತೆಂದೂ ಕಥೆ. ಇದರ ತಾತ್ತ್ವಿಕ ಮರ್ಮವನ್ನು ಪಂಡಿತರು ವಿವರಿಸಲಿ. ಹನ್ನೆರಡು ವರ್ಷದ ಹುಡುಗನಿಗೆ ಇಷ್ಟು ತಿಳಿದರೆ ಸಾಕು: ಹಿಡಿದ ಕೆಲಸವನ್ನು ಮುಗಿಸುವವನ ಹಿಂದೆ ಉಳಿದ ಶ್ರೇಯಸ್ಸೆಲ್ಲ ತಾನಾಗಿಯೇ ಬರುತ್ತದೆ.

ಪೂಜ್ಯರ ಚರಿತೆಗೆ ಮರಳೋಣ. 1947ರಲ್ಲಿ ಭಾರತವು ಸ್ವತಂತ್ರವಾದರೂ ಹೈದರಾಬಾದ ಸಂಸ್ಥಾನವು ಹೊರಗೇ ಉಳಿಯಿತು. ರಜಾಕಾರರ ಉಪಟಳದಿಂದ ಬೀದರ ಸೀಮೆಯ ಹಳ್ಳಿಗಳು ಕಂಗೆಟ್ಟ ಆ ವರ್ಷದಲ್ಲಿ ಮಕ್ಕಳ ಓದಿಗೆ ಒದಗಿದ ವಿಘ್ನಗಳು ಅಷ್ಟಿಷ್ಟಲ್ಲ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನವು ವಿಮೋಚನೆ ಹೊಂದಿತು. 1956ರ ನವೆಂಬರ್ 1ರಂದು ಭಾಷೆಗನುಸಾರವಾಗಿ ರಾಜ್ಯಗಳು ರಚಿತವಾದಾಗ ಹಳೆಯ ಬೀದರ ಜಿಲ್ಲೆಯು ಮೂರು ಪಾಲಾಯಿತು. ಉದಗೀರು, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದುವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಅಂದಿನ ಮೈಸೂರು ರಾಜ್ಯದಲ್ಲಿ ಸೇರಿದುವು. ಕನ್ನಡವು ಬಹಿರಂಗವಾಗಿ ಉಳಿಯಲಾರದ ದಿನಗಳಲ್ಲಿ ಅದನ್ನು ಮಕ್ಕಳ ನಾಲಗೆಯಲ್ಲಿ ಉಳಿಸಿದವರಲ್ಲಿ ಭಾಲ್ಕಿಯ ಪೂಜ್ಯರು ಅಗ್ರಗಣ್ಯರೆಂಬುದನ್ನು ಈ ಸೀಮೆಯ ಹಿರಿಯರು ಕೃತಜ್ಞತೆಯಿಂದ ಸ್ಮರಿಸುತ್ತಾರೆ.

ಕೆಲಸವು ಫಲಿಸಿತೆಂದು ಪೂಜ್ಯರು ವಿಶ್ರಮಿಸಲಿಲ್ಲ. ಬಸವಣ್ಣನವರ ಕರ್ಮಭೂಮಿಯಾದ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡವನ್ನು ನಿರ್ಮಿಸುವ ಸಂಕಲ್ಪವನ್ನು ಕೈಕೊಂಡು, ಅರುವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಜೋಳಿಗೆ ಹಿಡಿದರು. ಅದು ಒಂದೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಭಕ್ತರು ನೀಡಿದ ಸಣ್ಣ ಸಣ್ಣ ಕಾಣಿಕೆಗಳಿಂದ, ಅಡೆತಡೆಗಳ ನಡುವೆ, ದಶಕಗಳ ತಾಳ್ಮೆಯಿಂದ ಅದು ಎದ್ದು ನಿಂತಿತು. ವಿಜಾಪುರದ ಶ್ರೀ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಮನೆಮನೆ ಅರಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದು, ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿದ ಕಥೆಯನ್ನು ವಾಚಕರು ಬಲ್ಲರು. ಹಳಕಟ್ಟಿಯವರು ವಚನಗಳನ್ನು ಅಚ್ಚಿನಲ್ಲಿ ಉಳಿಸಿದರು. ಪಟ್ಟದ್ದೇವರು ಅವನ್ನು ಓದಬಲ್ಲ ಮಕ್ಕಳನ್ನು ಸಿದ್ಧಪಡಿಸಿದರು. ಇಬ್ಬರ ಕೈಯಲ್ಲಿಯೂ ಇದ್ದುದು ಒಂದೇ ಬಂಡವಾಳ, ದಿನದಿನದ ದುಡಿಮೆ.

1999ರ ಏಪ್ರಿಲ್ 22ರಂದು ಪೂಜ್ಯರು ಲಿಂಗೈಕ್ಯರಾದರು. ಆಗ ಅವರಿಗೆ ನೂರೆಂಟು ವರ್ಷ ನಾಲ್ಕು ತಿಂಗಳು ತುಂಬಿದ್ದುವು. ಜಪಮಾಲೆಗೆ ನೂರೆಂಟು ಮಣಿಗಳಿರುವಂತೆ ಅವರ ಆಯುಷ್ಯದ ನೂರೆಂಟು ವರ್ಷಗಳೂ ಒಂದೊಂದಾಗಿ ಶಿವಾರ್ಪಿತವಾದುವೆಂದು ಭಕ್ತನು ಭಾವಿಸಿದರೆ ತಪ್ಪಿಲ್ಲ.

ಇನ್ನು ಗೃಹಸ್ಥರಾದ ನಾವು ಈ ಚರಿತೆಯಿಂದ ಮನೆಗೆ ಒಯ್ಯಬೇಕಾದುದೇನು? ಹನ್ನೊಂದರಿಂದ ಹದಿನಾಲ್ಕರ ವಯಸ್ಸು ಬಹಳ ಸೂಕ್ಷ್ಮವಾದುದು. ಚಿಕ್ಕಂದಿನಲ್ಲಿ ಚುರುಕಾಗಿದ್ದ ಎಷ್ಟೋ ಮಕ್ಕಳು ಈ ವಯಸ್ಸಿನಲ್ಲಿ ಹಿಂದೆ ಬೀಳುವುದನ್ನು ಶಿಕ್ಷಕರೆಲ್ಲರೂ ಕಂಡಿದ್ದಾರೆ. ಜಾಣನೆಂಬ ಹೊಗಳಿಕೆಯನ್ನು ಕೇಳುತ್ತ ಬೆಳೆದ ಹುಡುಗನು ಮೊದಲ ಬಾರಿ ಕಠಿಣವಾದ ಲೆಕ್ಕವನ್ನು ಎದುರಿಸಿದಾಗ, ಆ ಹೆಸರು ಕೆಟ್ಟೀತೆಂಬ ಭಯದಿಂದ ಯತ್ನವನ್ನೇ ಬಿಡುತ್ತಾನೆ. ಆದಕಾರಣ ಜಾಣತನವನ್ನು ಹೊಗಳುವುದಕ್ಕಿಂತ ಶ್ರಮವನ್ನು ಮೆಚ್ಚಬೇಕು. ತಪ್ಪಾದ ಲೆಕ್ಕವನ್ನು ಅಳಿಸಿ ಮತ್ತೊಮ್ಮೆ ಮಾಡಿದ ಮಗುವನ್ನು, ಮೊದಲ ಸಲವೇ ಸರಿಯಾಗಿ ಮಾಡಿದ ಮಗುವಿನಷ್ಟೇ ಆದರಿಸಬೇಕು.

ದಿನವೂ ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಓದಲು ಕೂಡುವ ರೂಢಿಯನ್ನು ಹಾಕಬೇಕು. ಇಷ್ಟಲಿಂಗ ಪೂಜೆಗೆ ಹೊತ್ತು ಗೊತ್ತುಗಳಿರುವಂತೆ ಪಾಠಕ್ಕೂ ಇರಲಿ. ಸಂಜೆಯ ಪೂಜೆಯಾದ ಕೂಡಲೇ ಪುಸ್ತಕ ತೆರೆಯುವ ಮನೆಯಲ್ಲಿ ಮಗುವನ್ನು ಗದರಿಸುವ ಪ್ರಸಂಗವೇ ಬಾರದು. ಆ ಹೊತ್ತಿನಲ್ಲಿ ದೊಡ್ಡವರೂ ಮೊಬೈಲನ್ನು ಕೆಳಗಿಟ್ಟು ತಮ್ಮದೊಂದು ಕೆಲಸವನ್ನು ಹಿಡಿದು ಕುಳಿತಿರಬೇಕು. ತಾವು ಹರಟುತ್ತ ಮಗುವಿಗೆ ಓದೆಂದು ಹೇಳುವ ತಂದೆಯ ಮಾತಿಗೆ ಬೆಲೆಯೆಲ್ಲಿ? ಸುಗ್ಗಿಯ ಕಾಲದಲ್ಲಿ ಕೂಲಿ ಉಳಿಯುವುದೆಂದು ಮಗುವನ್ನು ಶಾಲೆ ಬಿಡಿಸಬಾರದು. ಹೆಣ್ಣುಮಗುವನ್ನಂತೂ ತಮ್ಮ ತಂಗಿಯರನ್ನು ಆಡಿಸುವ ನೆಪದಿಂದ ಮನೆಯಲ್ಲಿ ನಿಲ್ಲಿಸಲೇಬಾರದು. ಲಕ್ಕಮ್ಮ, ಅಕ್ಕಮಹಾದೇವಿಯರನ್ನು ಪೂಜಿಸುವ ಮನೆಯಲ್ಲಿ ಇದು ನಡೆದರೆ ಆ ಪೂಜೆ ಬರಿಯ ಹೂಪತ್ರೆಗಳ ಪೂಜೆಯಾದೀತು.

2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಮೂಲಕ ಇಂದಿನ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ವಿದ್ಯಾಲಯಗಳಲ್ಲಿಯೂ ನೌಕರಿಗಳಲ್ಲಿಯೂ ಸ್ಥಾನಗಳು ಮೀಸಲಾಗಿವೆ. ಬಹುಕಾಲ ಹಿಂದುಳಿದ ನಾಡಿಗೆ ಇದು ನ್ಯಾಯವೇ. ಆದರೆ ಸ್ಥಾನವನ್ನು ಮೀಸಲಿಡಬಹುದು, ಅದನ್ನು ತುಂಬುವ ಯೋಗ್ಯತೆಯನ್ನು ಯಾವ ಸರಕಾರವೂ ಮೀಸಲಿಡಲಾರದು. ಅದನ್ನು ಮಗುವು ಏಳನೆಯ ತರಗತಿಯ ಹಲಗೆಯ ಮುಂದೆ, ಮನೆಯ ದೀಪದ ಕೆಳಗೆ, ದಿನದಿನವೂ ಆಯ್ದುಕೊಳ್ಳಬೇಕು.

ಹೊರಗೊಂದು, ಒಳಗೊಂದು ಇರಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಪೂಜ್ಯರ ಶಾಲೆಯ ಹೊರಹಲಗೆಯು ಒಳಗಿನ ಸತ್ಯವನ್ನು ರಕ್ಷಿಸಿತು. ಇಂದು ನಮ್ಮ ಶಾಲೆಗಳ ಹೊರಗೆ ಕನ್ನಡದ ಹಲಗೆ ಯಾವ ಭಯವೂ ಇಲ್ಲದೆ ತೂಗುತ್ತಿದೆ. ಒಳಗೆ ಆ ಕಾಲದ ಮಕ್ಕಳ ಶ್ರದ್ಧೆಯಿದೆಯೇ, ಆ ಕಾಲದ ಗುರುವಿನ ದುಡಿಮೆಯಿದೆಯೇ ಎಂದು ಶಿಕ್ಷಕನೂ ಪಾಲಕನೂ ತಮ್ಮ ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ನಿಶ್ಶಂಕೆಯಿಂದ ಉತ್ತರ ಕೊಡುವ ಶಕ್ತಿಯನ್ನು ಶ್ರೀ ಗುರು ಬಸವೇಶನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ.